ತಮ್ಮನ ಮಂಡಿ, ಮಗನ ಮಂಡಿ

ನನ್ನ ತಮ್ಮನಿಗೂ ನನ್ನ ಮಗನಿಗೂ ಇರುವುದು ಒಂದೇ ಕಾಯಿಲೆ. ಅದು ತೀವ್ರ ಸ್ವರೂಪದ ಹಿಮೋಫಿಲಿಯಾ ಎ. ನಮ್ಮ ಪತ್ರಿಕೆಗಳು ಕುಸುಮ ರೋಗವೆಂದು ಬರೆಯುವ ಕಾಯಿಲೆ. ಅವ್ವನ ಎಕ್ಸ್ ವರ್ಣತಂತುವಿನಲ್ಲಿದ್ದ ದೋಷ ತಮ್ಮನಿಗೆ ಕಾಯಿಲೆಯಾಗಿ ಬಂತು, ನನ್ನೊಳಗೆ ಸದ್ದಿಲ್ಲದೆ ಬಂದು ಕುಳಿತಿತು, ನನ್ನಿಂದ ಮಗನಿಗೆ ಹೋಯಿತು. ಇಬ್ಬರ ರಕ್ತದಲ್ಲೂ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನ್ ಸಾಮಾನ್ಯ ಮಟ್ಟದ ಶೇಕಡಾ 1ರಷ್ಟೂ ಇಲ್ಲ. ಆದರೂ ಮಗ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಾನೆ, ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಅವನ ಎರಡು ಮಂಡಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ತಮ್ಮನಾದರೋ ಇನ್ನೂ 40 ತುಂಬುವ ಮೊದಲೇ ಎಡ ಮಂಡಿಯನ್ನು ತೆಗೆಸಿ ಲೋಹದ ಮಂಡಿಯನ್ನು ಕೂರಿಸಿಕೊಳ್ಳಬೇಕಾಯಿತು.

ದೋಷ ಒಂದೇ ಆಗಿರುವಾಗ ಈ ಅಂತರ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಗೂಢವಾದದ್ದೇನಲ್ಲ. ಮಗನಿಗೆ ಔಷಧ ರಕ್ತಸ್ರಾವಕ್ಕಿಂತ ಮೊದಲು ಸಿಕ್ಕಿತು, ತಮ್ಮನಿಗೆ ಸಿಗಲಿಲ್ಲ. ಹಿಮೋಫಿಲಿಯಾ ಇರುವವರ ಕೀಲು ಹಾಳಾಗುವುದು ಹಣೆಬರಹವಲ್ಲ, ತಡವಾಗಿ ಬಂದ ಚಿಕಿತ್ಸೆಯ ಫಲ ಎಂಬುದನ್ನು ನಮ್ಮ ಮನೆಯ ಎರಡು ತಲೆಮಾರುಗಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಆ ಬಗ್ಗೆಯೂ, ಹಾಳಾದ ಮೇಲೆ ನಡೆಯುವ ಆಪರೇಷನ್ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬ ಬಗ್ಗೆಯೂ ವಿವರವಾಗಿ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಹಿಮೋಫಿಲಿಯಾ ಎಂದೊಡನೆ ಬೆರಳು ಕೊಯ್ದುಕೊಂಡರೆ ರಕ್ತ ನಿಲ್ಲದ ಕಾಯಿಲೆ ಎಂದೇ ಬಹಳ ಜನ ಭಾವಿಸುತ್ತಾರೆ. ಚರ್ಮದ ಮೇಲಿನ ಸಣ್ಣ ಗಾಯ ಸಾಮಾನ್ಯವಾಗಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಈ ಕಾಯಿಲೆ ಮನುಷ್ಯನನ್ನು ನಿಜವಾಗಿ ಕುಗ್ಗಿಸುವುದು ಹೊರಗೆ ಕಾಣದ ಜಾಗದಲ್ಲಿ, ಕೀಲುಗಳ ಒಳಗೆ. ತೀವ್ರ ಹಿಮೋಫಿಲಿಯಾ ಇರುವವರಲ್ಲಿ ಆಗುವ ರಕ್ತಸ್ರಾವಗಳಲ್ಲಿ ಶೇಕಡಾ 70ರಿಂದ 80ರಷ್ಟು ಕೀಲುಗಳಲ್ಲೇ ಆಗುತ್ತವೆ, ಅದರಲ್ಲೂ ಮಂಡಿ, ಮೊಣಕೈ ಮತ್ತು ಪಾದದ ಕೀಲುಗಳಲ್ಲಿ. ಬಿದ್ದು ಪೆಟ್ಟಾಗಿಯೇ ರಕ್ತ ಬರಬೇಕೆಂದಿಲ್ಲ. ರಾತ್ರಿ ಮಲಗಿದವನು ಬೆಳಿಗ್ಗೆ ಊದಿದ ಮಂಡಿಯೊಂದಿಗೆ ಏಳುವುದೂ ಉಂಟು. ತಮ್ಮ ಅದನ್ನು ಊತ ಕಾಣುವ ಮೊದಲೇ ಗುರುತಿಸುತ್ತಿದ್ದ. ಒಳಗೆ ಜುಮುಜುಮು ಎನ್ನುತ್ತದೆ, ಬಿಸಿಯಾಗುತ್ತಿದೆ, ಬ್ಲೀಡ್ ಶುರುವಾಗಿದೆ ಎಂದು ಅವನು ಹೇಳಿದರೆ ಅದು ಎಂದೂ ಸುಳ್ಳಾಗುತ್ತಿರಲಿಲ್ಲ.

ಕೀಲಿನ ಒಳಗೋಡೆಗೆ ಸೈನೋವಿಯಂ ಎಂಬ ತೆಳುವಾದ ಪೊರೆ ಇದೆ. ಕೀಲು ಸರಾಗವಾಗಿ ಆಡಲು ಬೇಕಾದ ದ್ರವವನ್ನು ಒದಗಿಸುವುದು ಅದರ ಕೆಲಸ. ರಕ್ತನಾಳಗಳು ಅದರಲ್ಲಿ ದಟ್ಟವಾಗಿವೆ. ಕೀಲಿನೊಳಗೆ ಸೋರಿದ ರಕ್ತವನ್ನು ಹೀರಿ ತೆಗೆಯುವ ಹೊಣೆಯೂ ಇದೇ ಪೊರೆಯದು. ಒಮ್ಮೆ ಎರಡು ಬಾರಿ ಅದು ಈ ಕೆಲಸವನ್ನು ಮಾಡಿ ಮುಗಿಸುತ್ತದೆ. ಆದರೆ ರಕ್ತದಲ್ಲಿರುವ ಕಬ್ಬಿಣದ ಅಂಶ ಪೊರೆಯಲ್ಲಿ ಉಳಿದುಕೊಂಡು, ಪೊರೆ ಬಾತು ದಪ್ಪವಾಗುತ್ತದೆ, ಅದರಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ, ಹೀಗೆ ಹುಟ್ಟಿದ ನಾಳಗಳು ಬಹಳ ಸೂಕ್ಷ್ಮವಾಗಿದ್ದು ಸಣ್ಣ ಒತ್ತಡಕ್ಕೂ ಒಡೆಯುತ್ತವೆ. ರಕ್ತಸ್ರಾವದಿಂದ ಬಾವು, ಬಾವಿನಿಂದ ಮತ್ತೆ ರಕ್ತಸ್ರಾವ. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ ಮೂರು ಅಥವಾ ಹೆಚ್ಚು ಬಾರಿ ತಾನಾಗಿಯೇ ರಕ್ತಸ್ರಾವವಾದರೆ ವೈದ್ಯರು ಅದನ್ನು ಟಾರ್ಗೆಟ್ ಜಾಯಿಂಟ್ ಎಂದು ಗುರುತಿಸುತ್ತಾರೆ. ಇದರ ಜೊತೆಗೆ ರಕ್ತವು ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯನ್ನು ನೇರವಾಗಿಯೂ ಕೆಡಿಸುತ್ತದೆ. ಒಮ್ಮೆ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಬೆಳೆಯುವ ಮಕ್ಕಳಲ್ಲಿ ಬಾವಿನಿಂದಾಗಿ ಆ ಕೀಲಿಗೆ ರಕ್ತದ ಹರಿವು ಹೆಚ್ಚಿ, ಮೂಳೆಯ ತುದಿ ಅಳತೆ ಮೀರಿ ದಪ್ಪವಾಗಿ ಬೆಳೆಯುವುದೂ ಇದೆ. ತಮ್ಮನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೂಳೆ ತಜ್ಞರು ತೋರಿಸಿದಾಗ, ಎರಡು ಮೂಳೆಗಳ ನಡುವೆ ಕಾಣಬೇಕಾಗಿದ್ದ ಖಾಲಿ ಗೆರೆ ಅಲ್ಲಿ ಇರಲೇ ಇಲ್ಲ.

ಈ ಹಾನಿಯನ್ನು ವೈದ್ಯಲೋಕ ಅರಿತದ್ದೂ ದೊಡ್ಡ ಬೆಲೆ ತೆತ್ತ ಮೇಲೆ. ಜರ್ಮನಿಯ ಶಸ್ತ್ರವೈದ್ಯ ಫ್ರಾಂಜ್ ಕೋನಿಗ್ ಊದಿದ ಮಂಡಿಗಳನ್ನು ಕ್ಷಯವೆಂದು ತಿಳಿದು ಕೊಯ್ದಾಗ ರೋಗಿಗಳು ರಕ್ತ ನಿಲ್ಲದೆ ತೀರಿಕೊಂಡರು. ಅದು ಹಿಮೋಫಿಲಿಯಾದ ಕೀಲು ಎಂದು ಕಂಡುಕೊಂಡ ಅವರು, ಮೊದಲು ರಕ್ತಸ್ರಾವ, ಆಮೇಲೆ ಬಾವು, ಕೊನೆಗೆ ಸೆಟೆದು ಸೊಟ್ಟಗಾಗುವುದು ಎಂಬ ಮೂರು ಹಂತಗಳನ್ನು 1892ರಲ್ಲಿ ವಿವರಿಸಿದರು. ಅದಾದ ಮೇಲೂ ಬಹಳ ಕಾಲ ಹಿಮೋಫಿಲಿಯಾ ಇರುವವರ ಮೈಮೇಲೆ ಕತ್ತಿ ಇಡುವುದೆಂದರೆ ಸಾವಿಗೆ ಕರೆ ಕಳಿಸಿದಂತೆಯೇ ಇತ್ತು. 1964ರಲ್ಲಿ ಅಮೆರಿಕದ ಜೂಡಿತ್ ಪೂಲ್, ಶೀತದಲ್ಲಿ ಗಡ್ಡೆಯಾಗಿಸಿದ ಪ್ಲಾಸ್ಮಾವನ್ನು, ಎಂದರೆ ರಕ್ತದ ದ್ರವಭಾಗವನ್ನು, ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಕ್ರಯೋಪ್ರೆಸಿಪಿಟೇಟ್‌ನಲ್ಲಿ ಫ್ಯಾಕ್ಟರ್ 8 ಸಾಂದ್ರವಾಗಿರುವುದನ್ನು ತೋರಿಸಿದ ಮೇಲೆ, ರಕ್ತನಿಧಿ ಇರುವ ಆಸ್ಪತ್ರೆಗಳಲ್ಲಿ ಆಪರೇಷನ್ ಮಾಡುವುದು ಕೈಗೆಟುಕುವ ಮಾತಾಯಿತು. ಫ್ಯಾಕ್ಟರ್ ಪುಡಿಯ ಶೀಶೆಗಳು ಅದರ ನಂತರ ಬಂದವು.

ಆ ಶೀಶೆಗಳು ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಯನ್ನು ತಮ್ಮನ ಬಾಲ್ಯದಲ್ಲಿ ತಲುಪಲಿಲ್ಲ. ಮಂಡಿ ಊದಿದಾಗ ಊರಿನವರಿಗೆ ಗೊತ್ತಿದ್ದ ಉಪಾಯಗಳೆಲ್ಲ ಬಿಸಿಯವೇ: ಉಪ್ಪಿನ ಗಂಟಿನ ಕಾವು, ಬಿಸಿ ಎಣ್ಣೆಯ ನೀವಿಕೆ, ಎಲೆಯ ಪಟ್ಟು. ಒಳಗೆ ರಕ್ತ ಸೋರುತ್ತಿರುವಾಗ ಕಾವು ಕೊಟ್ಟರೆ, ತಿಕ್ಕಿ ನೀವಿದರೆ ರಕ್ತಸ್ರಾವ ಹೆಚ್ಚುತ್ತದೆ. ಕೀಲನ್ನು ಆಡಿಸದೆ ಇಟ್ಟು, ಮೇಲಿಂದ ತಣ್ಣಗೆ ಮಂಜುಗಡ್ಡೆ ಇಟ್ಟು, ಆದಷ್ಟು ಬೇಗ ಫ್ಯಾಕ್ಟರ್ ಹಾಕಿಸಬೇಕು. ಇನ್ನೊಂದು ವಿಷಯವನ್ನು ತಾಯಂದಿರಿಗಾಗಿಯೇ ಬರೆಯುತ್ತಿದ್ದೇನೆ. ಮಂಡಿಯೊಳಗೆ ರಕ್ತ ತುಂಬಿದಾಗ ಕಾಲನ್ನು ಸ್ವಲ್ಪ ಮಡಚಿಟ್ಟರೆ, ಸುಮಾರು 30 ಡಿಗ್ರಿಯಷ್ಟು, ಒಳಗಿನ ಒತ್ತಡ ಕಡಿಮೆಯಾಗಿ ನೋವೂ ಕಡಿಮೆಯಾಗುತ್ತದೆ. ಆದ್ದರಿಂದ ಮಗು ತಾನಾಗಿಯೇ ಕಾಲು ಮಡಚಿಕೊಳ್ಳುತ್ತದೆ, ತಾಯಿ ಅದರ ಕೆಳಗೆ ದಿಂಬು ಇಡುತ್ತಾಳೆ. ಅವ್ವನೂ ಹಾಗೆಯೇ ಇಡುತ್ತಿದ್ದಳು. ನೋವಿನಿಂದ ನರಳುವ ಮಗುವಿಗೆ ಯಾವ ತಾಯಿ ತಾನೆ ಬೇರೆ ಏನು ಮಾಡಿಯಾಳು? ಮೊದಲ ಒಂದೆರಡು ದಿನ ಅದರಿಂದ ತೊಂದರೆ ಇಲ್ಲ. ರಕ್ತಸ್ರಾವ ನಿಂತ ಮೇಲೆ ಕಾಲನ್ನು ಮೆಲ್ಲಗೆ ನೀಡಿಸುವ ವ್ಯಾಯಾಮ ಶುರುವಾಗದಿದ್ದರೆ ಮಾತ್ರ ತೊಡೆಯ ಹಿಂಭಾಗದ ಸ್ನಾಯುಗಳು ಆ ಮಡಚಿದ ಅಳತೆಗೇ ಗಿಡ್ಡವಾಗುತ್ತವೆ, ಮುಂಭಾಗದ ದೊಡ್ಡ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ, ಸೊರಗಿದ ಸ್ನಾಯು ಮಂಡಿಯನ್ನು ಕಾಯಲಾರದೆ ಮುಂದಿನ ಬ್ಲೀಡ್ ಇನ್ನೂ ಬೇಗ ಬರುತ್ತದೆ.

ಹೈಸ್ಕೂಲಿನ ಹೊತ್ತಿಗೆ ತಮ್ಮನ ಎಡಗಾಲು ಪೂರ್ತಿ ನೇರವಾಗುವುದನ್ನು ನಿಲ್ಲಿಸಿತ್ತು. ಹಿಮ್ಮಡಿ ಊರದೆ ಬೆರಳ ತುದಿಯಲ್ಲಿ ನಡೆಯುತ್ತಿದ್ದುದರಿಂದ ಭಾರವೆಲ್ಲ ಬಲಗಾಲಿಗೆ ಬಿದ್ದು, ಆ ಕಾಲಿನ ಪಾದದ ಕೀಲೂ ಮಂಡಿಯೂ ಒಂದರ ಹಿಂದೊಂದು ಕೆಟ್ಟವು. ದಾವಣಗೆರೆಯಲ್ಲಿ, ಸ್ವತಃ ಹಿಮೋಫಿಲಿಯಾ ಇರುವ ವೈದ್ಯರಾದ ಡಾ. ಸುರೇಶ್ ಹನಗವಾಡಿಯವರು ಕಟ್ಟಿ ಬೆಳೆಸಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ವಿಷಯ ನಮ್ಮ ಮನೆಗೆ ತಿಳಿದದ್ದು ಆ ಮೇಲೆ. ನಮ್ಮಂಥ ಎಷ್ಟೋ ಕುಟುಂಬಗಳಿಗೆ ಕಾಯಿಲೆಯ ಹೆಸರೂ ಫ್ಯಾಕ್ಟರ್ ಎಂಬ ಪದವೂ ಮೊದಲು ಕಿವಿಗೆ ಬಿದ್ದದ್ದು ಅಂಥ ರೋಗಿಗಳ ಸಂಘಟನೆಗಳಿಂದಲೇ ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ.

ಕೀಲು ಕೆಟ್ಟ ಕೂಡಲೇ ಅದನ್ನು ಬದಲಾಯಿಸುವುದೊಂದೇ ದಾರಿ ಎಂದು ಯಾರೂ ತಿಳಿಯಬಾರದು. ಬಾತ ಪೊರೆ ಮಾತ್ರ ತೊಂದರೆ ಕೊಡುತ್ತಿರುವ ಹಂತದಲ್ಲಿ ಯಿಟ್ರಿಯಂನಂಥ ವಿಕಿರಣ ವಸ್ತುವನ್ನು ಸೂಜಿಯ ಮೂಲಕ ಕೀಲಿನೊಳಗೆ ಬಿಟ್ಟು ಪೊರೆಯನ್ನು ಒಣಗಿಸುವ ವಿಧಾನವಿದೆ. ಒಂದು ಸೂಜಿಗೆ ಬೇಕಾಗುವ ಫ್ಯಾಕ್ಟರ್ ತೀರ ಕಡಿಮೆಯಾದ್ದರಿಂದ ನಮ್ಮಂಥ ದೇಶಗಳಿಗೆ ಇದು ಹೇಳಿ ಮಾಡಿಸಿದ ಚಿಕಿತ್ಸೆ. ಮಡಚಿಕೊಂಡ ಮಂಡಿಯನ್ನು ಹಂತಹಂತವಾಗಿ ಪ್ಲಾಸ್ಟರ್ ಬದಲಾಯಿಸುತ್ತಾ ನೇರ ಮಾಡುವುದೂ ಇದೆ. ತಮ್ಮನ ಎಡ ಮಂಡಿ ಇವೆಲ್ಲವನ್ನೂ ದಾಟಿ ಹೋಗಿತ್ತು. ರಾತ್ರಿ ಮಗ್ಗುಲು ಬದಲಿಸಿದರೂ ಎಚ್ಚರವಾಗುವಂಥ ನೋವು ಅವನಿಗೆ. ನೋವಿಗೆ ಎಲ್ಲರೂ ನುಂಗುವ ಮಾತ್ರೆಗಳನ್ನು ಅವನು ನುಂಗುವಂತಿಲ್ಲ. ಆಸ್ಪಿರಿನ್ ಮತ್ತು ಆ ಬಗೆಯ ಬಹಳಷ್ಟು ಔಷಧಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಅವನ ನೋವನ್ನು ಮುಟ್ಟುತ್ತಲೂ ಇರಲಿಲ್ಲ.

ಬೇರೆಯವರಿಗೆ ಮಂಡಿ ಬದಲಾವಣೆಯೆಂದರೆ ಕುಶಲ ಶಸ್ತ್ರವೈದ್ಯರನ್ನೂ ಹಣವನ್ನೂ ಹೊಂದಿಸಿಕೊಳ್ಳುವ ಪ್ರಶ್ನೆ. ಹಿಮೋಫಿಲಿಯಾದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ ಎಷ್ಟು ಯೂನಿಟ್ ಫ್ಯಾಕ್ಟರ್ ಎಂಬುದು. ಲೆಕ್ಕ ಸರಳವಾಗಿದೆ: ದೇಹದ ತೂಕದ ಒಂದು ಕಿಲೋಗೆ ಒಂದು ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇಕಡಾ 2ರಷ್ಟು ಏರುತ್ತದೆ. ದೊಡ್ಡ ಆಪರೇಷನ್ ಶುರುವಾಗುವಾಗ ಮಟ್ಟ ಶೇಕಡಾ 80ರಿಂದ 100ರ ನಡುವೆ ಇರಬೇಕೆಂಬುದು ವಿಶ್ವ ಹಿಮೋಫಿಲಿಯಾ ಒಕ್ಕೂಟದ ಮಾರ್ಗಸೂಚಿ. ಎಂದರೆ 60 ಕಿಲೋ ತೂಕದ ಮನುಷ್ಯನಿಗೆ ಕತ್ತಿ ತಾಗುವ ಮೊದಲೇ 3,000 ಯೂನಿಟ್ ವರೆಗೆ ಬೇಕು. ಹಾಗೆ ಕೊಟ್ಟದ್ದು ಸುಮಾರು 8ರಿಂದ 12 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ದಿನಕ್ಕೆ ಎರಡು ಮೂರು ಬಾರಿ ಮತ್ತೆ ಕೊಡಬೇಕು, ಪ್ರಮಾಣವನ್ನು ಮೆಲ್ಲನೆ ಇಳಿಸುತ್ತಾ ಎರಡು ವಾರದ ತನಕ ಮುಂದುವರಿಸಬೇಕು. ಒಟ್ಟು ಲೆಕ್ಕ ಹಲವು ಹತ್ತು ಸಾವಿರ ಯೂನಿಟ್‌ಗಳಿಗೆ ಹೋಗುತ್ತದೆ. ಇಷ್ಟನ್ನು ಕೊಳ್ಳಲಾರದ ದೇಶದಲ್ಲಿ ಆಪರೇಷನ್ ಕನಸಾಗಿಯೇ ಉಳಿಯಬೇಕೆ ಎಂಬ ಪ್ರಶ್ನೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಅಲೋಕ್ ಶ್ರೀವಾಸ್ತವ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲೇ ಉತ್ತರ ಹುಡುಕಿದರು: ಆಪರೇಷನ್ನಿನ ನಂತರದ ದಿನಗಳಲ್ಲಿ ಶ್ರೀಮಂತ ದೇಶಗಳು ಬಳಸುವುದಕ್ಕಿಂತ ಬಹಳ ಕಡಿಮೆ ಪ್ರಮಾಣದ ಫ್ಯಾಕ್ಟರ್‌ನಲ್ಲೂ ಸುರಕ್ಷಿತವಾಗಿ ನಿಭಾಯಿಸಬಹುದೆಂದು ಮಾಡಿ ತೋರಿಸಿದರು. ಇಂದಿನ ಜಾಗತಿಕ ಮಾರ್ಗಸೂಚಿಗಳು ಸೌಲಭ್ಯ ಕಡಿಮೆ ಇರುವ ದೇಶಗಳಿಗಾಗಿ ಬೇರೆಯದೇ ಪ್ರಮಾಣಗಳನ್ನು ನಮೂದಿಸುತ್ತವೆ. ಒಬ್ಬ ಭಾರತೀಯಳಾಗಿ ಈ ಕೆಲಸದ ಬಗ್ಗೆ ನನಗೆ ಅಪಾರ ಹೆಮ್ಮೆಯಿದೆ. ನಮ್ಮ ತಮ್ಮನಂಥವರು ಇಂದು ನಡೆಯುತ್ತಿರುವುದರಲ್ಲಿ ಅದರ ಪಾಲು ಸಣ್ಣದಲ್ಲ.

ಯೂನಿಟ್‌ಗಳ ಲೆಕ್ಕಕ್ಕಿಂತಲೂ ಮೊದಲು ಮುಗಿಯಬೇಕಾದ ಪರೀಕ್ಷೆ ಇನ್ಹಿಬಿಟರ್‌ನದು. ಹೊರಗಿನಿಂದ ಕೊಟ್ಟ ಫ್ಯಾಕ್ಟರನ್ನು ದೇಹ ಪರಕೀಯವೆಂದು ಎಣಿಸಿ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡಿದ್ದರೆ ಎಷ್ಟು ಶೀಶೆ ಸುರಿದರೂ ವ್ಯರ್ಥ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಸುಮಾರು ಶೇಕಡಾ 30 ಮಂದಿಗೆ ಜೀವನದ ಯಾವುದೋ ಘಟ್ಟದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಅಂಥವರಿಗೆ ಫ್ಯಾಕ್ಟರ್ 8ರ ಹಂಗಿಲ್ಲದೆ ರಕ್ತ ಹೆಪ್ಪುಗಟ್ಟಿಸುವ ಬೇರೆ ಔಷಧಗಳಿವೆಯಾದರೂ ಅವುಗಳ ಬೆಲೆ ಬಹಳ ಹೆಚ್ಚು, ಆಪರೇಷನ್ನಿನ ಅಪಾಯವೂ ಹೆಚ್ಚು. ತಮ್ಮನಿಗೆ ಇನ್ಹಿಬಿಟರ್ ಇರಲಿಲ್ಲ. ಹೆಪಟೈಟಿಸ್, ಎಚ್‌ಐವಿ ಪರೀಕ್ಷೆಗಳ ವರದಿ ಬರುವ ತನಕ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು, ಏಕೆಂದರೆ ಅವನ ಚಿಕ್ಕಂದಿನಲ್ಲಿ ರಕ್ತ, ಪ್ಲಾಸ್ಮಾ ಎಲ್ಲವನ್ನೂ ಕೊಡಿಸಿದ್ದೆವು. ಹುಳುಕು ಹಲ್ಲನ್ನು ಮೊದಲೇ ಸರಿಪಡಿಸಿಕೊಂಡು ಬರಲು ಹೇಳಿದರು. ಬಾಯಿಯ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ಹೋಗಿ ಕುಳಿತರೆ ಇಡೀ ಪ್ರಯತ್ನ ಮಣ್ಣುಪಾಲಾಗುತ್ತದೆ. ಪೂರ್ತಿ ಎರಡು ವಾರಕ್ಕೆ ಬೇಕಾದ ಫ್ಯಾಕ್ಟರ್ ಫ್ರಿಜ್ಜಿನಲ್ಲಿ ಬಂದು ಕೂರದೆ ದಿನ ಗೊತ್ತುಮಾಡುವುದಿಲ್ಲ ಎಂದು ಮೂಳೆ ತಜ್ಞರು ಹಟ ಹಿಡಿದರು. ಆಗ ಅದು ನಿಷ್ಠುರವೆನಿಸಿತ್ತು. ಅದಕ್ಕಿಂತ ಹೆಚ್ಚಿನ ಕಾಳಜಿ ಬೇರೆ ಇರಲಾರದು ಎಂದು ಈಗ ಅನ್ನಿಸುತ್ತದೆ. ವಾರದ ಆರಂಭದಲ್ಲೇ, ಬೆಳಗಿನ ಹೊತ್ತಿನಲ್ಲೇ ಆಪರೇಷನ್ ಇಟ್ಟುಕೊಂಡದ್ದೂ ಇದೇ ಕಾಳಜಿಯಿಂದ. ಏನಾದರೂ ಹೆಚ್ಚುಕಡಿಮೆಯಾದರೆ ಪ್ರಯೋಗಾಲಯವೂ ರಕ್ತನಿಧಿಯೂ ಪೂರ್ಣ ಸಿಬ್ಬಂದಿಯೊಂದಿಗೆ ತೆರೆದಿರಬೇಕಲ್ಲ.

ಕೀಲಿನೊಳಗಿನ ಪೊರೆ ಕಬ್ಬಿಣದಿಂದ ಗಾಢ ಕಂದು ಬಣ್ಣಕ್ಕೆ ತಿರುಗಿತ್ತೆಂದು ವೈದ್ಯರು ನಂತರ ಹೇಳಿದರು. ಅದನ್ನು ಕೆರೆದು ತೆಗೆದು, ಸವೆದ ಮೂಳೆಯ ತುದಿಗಳನ್ನು ಕತ್ತರಿಸಿ, ಲೋಹವನ್ನೂ ಅದರ ನಡುವಿನ ಪ್ಲಾಸ್ಟಿಕ್ಕನ್ನೂ ಕೂರಿಸಿದ್ದರು. ಕತ್ತಿಯ ಕೆಲಸ ಕೆಲವೇ ಗಂಟೆಗಳದ್ದು. ಕಷ್ಟವಾದದ್ದು ಅದರ ನಂತರದ ಫಿಸಿಯೋಥೆರಪಿ. ಪ್ರತಿ ಬಾರಿ ವ್ಯಾಯಾಮಕ್ಕೆ ಮೊದಲು ಫ್ಯಾಕ್ಟರ್, ಆಮೇಲೆ ಮಂಡಿಯನ್ನು ನೀಡುವುದು, ಮಡಚುವುದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸವಿಲ್ಲದೆ ಬಡಕಲಾಗಿದ್ದ ತೊಡೆಯ ಸ್ನಾಯುವಿಗೆ ಕಾಲೆತ್ತುವುದನ್ನು ಹೊಸದಾಗಿ ಕಲಿಸುವುದು. ಆ ದಿನಗಳಲ್ಲಿ ಅವನ ಹಲ್ಲು ಕಚ್ಚಿದ ಮುಖವನ್ನು ನೋಡಲಾಗದೆ ಅವ್ವ ವಾರ್ಡಿನಿಂದ ಹೊರಗೆ ಹೋಗಿಬಿಡುತ್ತಿದ್ದಳು. ಫ್ಯಾಕ್ಟರ್ ಹೊಂದಿಸಿ ಆಪರೇಷನ್ ಮಾಡಿಸಿದರೆ ಮುಗಿಯಿತು ಎಂದುಕೊಂಡು, ಮನೆಗೆ ಹೋದ ಮೇಲಿನ ತಿಂಗಳುಗಳ ವ್ಯಾಯಾಮಕ್ಕಾಗಿ ಫ್ಯಾಕ್ಟರ್ ಉಳಿಸಿಕೊಳ್ಳದವರನ್ನು ನಾನು ಕಂಡಿದ್ದೇನೆ. ಹೊಸ ಕೀಲು ಮತ್ತೆ ಸೆಟೆದುಕೊಳ್ಳುವುದು ಅಲ್ಲಿಯೇ.

ಆಪರೇಷನ್ ಅವನಿಗೆ ಕೊಟ್ಟ ಮೊದಲ ಮತ್ತು ದೊಡ್ಡ ವರವೆಂದರೆ ನೋವಿಲ್ಲದ ನಿದ್ದೆ. ಕಾಲು ಬಹುಮಟ್ಟಿಗೆ ನೇರವಾಯಿತು. ತನ್ನ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಕೆಲಸ ಮಾಡುತ್ತಾನೆ, ಬಸ್ಸಿನ ಮೆಟ್ಟಿಲು ಹತ್ತುತ್ತಾನೆ. ಆ ಮಂಡಿಯಲ್ಲಿ ಆಮೇಲೆ ಬ್ಲೀಡ್ ಆಗಿಲ್ಲ. ಆದರೆ ಮಡಚುವಿಕೆ ಹೆಚ್ಚೇನೂ ಸುಧಾರಿಸಿಲ್ಲ, ಏಕೆಂದರೆ ಕೀಲನ್ನು ಬದಲಾಯಿಸಬಹುದೇ ಹೊರತು ಗಿಡ್ಡವಾದ ಸ್ನಾಯುಗಳನ್ನು ಬದಲಾಯಿಸಲು ಬರುವುದಿಲ್ಲ. ಮದುವೆಮನೆಯಲ್ಲಿ ಅವನಿಗೆ ನೆಲದ ಪಂಕ್ತಿಯಲ್ಲಿ ಕೂರಲಾಗದು. ಸಾಮಾನ್ಯವಾಗಿ ಅರವತ್ತು ದಾಟಿದವರು ಹಾಕಿಸಿಕೊಳ್ಳುವ ಕೀಲನ್ನು ನಲವತ್ತರೊಳಗೇ ಹಾಕಿಸಿಕೊಂಡಿದ್ದರಿಂದ ಮುಂದೆ ಅದು ಸಡಿಲವಾದರೆ ಮತ್ತೊಮ್ಮೆ ಬಿಚ್ಚಬೇಕಾದೀತು. ಕೃತಕ ಕೀಲಿಗೆ ಸೋಂಕು ತಗಲುವ ಸಾಧ್ಯತೆಯೂ ಹಿಮೋಫಿಲಿಯಾ ಇರುವವರಲ್ಲಿ ಇತರರಿಗಿಂತ ಹೆಚ್ಚು. ಇದನ್ನೆಲ್ಲ ಮೊದಲೇ ತಿಳಿದು ಒಪ್ಪಿಕೊಂಡವನಾದ್ದರಿಂದ ತಮ್ಮನಿಗೆ ನಿರಾಸೆಯಾಗಲಿಲ್ಲ.

ಮಗ ಹುಟ್ಟಿದಾಗ ನಮಗೆ ಎಲ್ಲವೂ ಗೊತ್ತಿತ್ತು. ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಇಂಗಾ ಮರಿ ನಿಲ್ಸನ್ ಅವರು 1958ರಲ್ಲೇ ಬ್ಲೀಡ್ ಆಗುವ ಮೊದಲೇ ನಿಯಮಿತವಾಗಿ ಫ್ಯಾಕ್ಟರ್ ಕೊಡುವ ಪದ್ಧತಿ ಆರಂಭಿಸಿದ್ದರು. ಶೇಕಡಾ 1ಕ್ಕಿಂತ ತುಸು ಹೆಚ್ಚು ಫ್ಯಾಕ್ಟರ್ ಇರುವ ಮಕ್ಕಳ ಕೀಲುಗಳು ಅಷ್ಟಾಗಿ ಕೆಡುವುದಿಲ್ಲ ಎಂಬುದನ್ನು ಗಮನಿಸಿ, ತೀವ್ರ ಕಾಯಿಲೆಯವರನ್ನೂ ಆ ಮಟ್ಟದಲ್ಲಿ ಇಡಬಹುದಲ್ಲ ಎಂದು ಯೋಚಿಸಿದ್ದರು. 2007ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ನಿಯಮಿತವಾಗಿ ಫ್ಯಾಕ್ಟರ್ ಪಡೆದ ಹುಡುಗರಲ್ಲಿ ಶೇಕಡಾ 93 ಮಂದಿಯ ಕೀಲುಗಳು 6ನೆಯ ವಯಸ್ಸಿನಲ್ಲಿ ಎಂಆರ್‌ಐನಲ್ಲಿ ಸರಿಯಾಗಿದ್ದವು. ಬ್ಲೀಡ್ ಆದಾಗಲೆಲ್ಲ ಚಿಕಿತ್ಸೆ ಪಡೆದವರಲ್ಲಿ ಆ ಪ್ರಮಾಣ ಶೇಕಡಾ 55. ಆ ಎರಡನೆಯ ಗುಂಪಿನ ಮಕ್ಕಳಿಗೆ ನಮ್ಮ ಹಳ್ಳಿಯ ಮಕ್ಕಳಂತೆ ಔಷಧವೇ ಸಿಗದಿರಲಿಲ್ಲ, ಪ್ರತಿ ಬ್ಲೀಡ್‌ಗೂ ಉತ್ತಮ ಚಿಕಿತ್ಸೆ ಸಿಕ್ಕಿತ್ತು. ಆದರೂ ಅಷ್ಟು ಕೆಟ್ಟಿತು. ಇದನ್ನು ಓದಿದ ದಿನ ನಾನು ನಿರ್ಧರಿಸಿದ್ದು, ಮಗನ ಮೊದಲ ಕೀಲಿನ ಬ್ಲೀಡ್‌ಗಾಗಿ ಕಾಯಬಾರದೆಂದು. ಅವನಿಗೆ ವಾರಕ್ಕೆ ಎರಡು ಬಾರಿ ಕಡಿಮೆ ಪ್ರಮಾಣದ ಫ್ಯಾಕ್ಟರ್ ಹಾಕುತ್ತಾ ಬಂದಿದ್ದೇವೆ; ನರಕ್ಕೆ ಚುಚ್ಚುವುದನ್ನು ನಾನೇ ಕಲಿತೆ. ಫ್ಯಾಕ್ಟರ್ 8ರ ಕೆಲಸವನ್ನು ಮಾಡುವ, ಚರ್ಮದ ಕೆಳಗೆ ಕೊಡುವ ಎಮಿಸಿಜುಮ್ಯಾಬ್ ಎಂಬ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ಚಿತ್ರ ಇನ್ನಷ್ಟು ಬದಲಾಗಿದೆ. ಆದರೆ ಅದನ್ನು ತೆಗೆದುಕೊಳ್ಳುತ್ತಿರುವವರಿಗೂ ದೊಡ್ಡ ಆಪರೇಷನ್ ಆದಾಗ ಸಾಮಾನ್ಯವಾಗಿ ಫ್ಯಾಕ್ಟರ್ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಹೊಸ ಔಷಧಗಳ ಸಂಭ್ರಮದಲ್ಲಿ ನನ್ನನ್ನು ಕಾಡುವುದು ತಮ್ಮನ ತಲೆಮಾರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನು 21 ಬಗೆಯ ವೈಕಲ್ಯಗಳಲ್ಲಿ ಒಂದಾಗಿ ಗುರುತಿಸಿದೆ. ಜಿಲ್ಲಾಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಸಿಗುವಂತಾಗಿದೆ. ಇವು ದೊಡ್ಡ ಗೆಲುವುಗಳು. ಆದರೆ ದಾಸ್ತಾನು ಕಡಿಮೆಯಾದಾಗ ಮಕ್ಕಳಿಗೆ ಮೊದಲು ಎಂಬ ನಿಯಮ ಸಹಜವಾಗಿಯೇ ಬರುತ್ತದೆ, ಮಗನ ತಾಯಿಯಾಗಿ ನಾನು ಅದನ್ನು ತಪ್ಪೆನ್ನಲಾರೆ. ಅಕ್ಕನಾಗಿ ಮಾತ್ರ ಕೇಳಬೇಕೆನಿಸುತ್ತದೆ: ಬಾಲ್ಯದಲ್ಲಿ ಔಷಧ ಸಿಗದೆ ಕೀಲು ಕಳೆದುಕೊಂಡವರಿಗೆ ಈಗ ಆಪರೇಷನ್ನಿಗೆ ಬೇಕಾದ ಯೂನಿಟ್‌ಗಳನ್ನು ಪ್ರತ್ಯೇಕವಾಗಿ ತೆಗೆದಿಡುವ ವ್ಯವಸ್ಥೆ ಏಕಿರಬಾರದು? ಅವರು ಕಾಯುತ್ತಾ ಹೋದಂತೆ ಸ್ನಾಯುಗಳು ಇನ್ನಷ್ಟು ಸೊರಗಿ ಆಪರೇಷನ್ನಿನ ಫಲವೂ ಕುಗ್ಗುತ್ತದೆ.

ತಮ್ಮನ ಮುಂದೆ ಈಗ ಬಲಗಾಲಿನ ಪ್ರಶ್ನೆ ಇದೆ. ಆ ಪಾದದ ಕೀಲಿನ ಮೂಳೆಗಳನ್ನು ಸ್ಕ್ರೂ ಹಾಕಿ ಬೆಸೆದುಬಿಟ್ಟರೆ ಅಲ್ಲಿ ಚಲನೆ ಹೋಗುತ್ತದೆ, ಜೊತೆಗೆ ನೋವೂ ಬ್ಲೀಡೂ ಹೋಗುತ್ತವೆ. ಹೇಗೂ ಉಳಿದಿರುವ ಚಲನೆ ಅತ್ಯಲ್ಪ. ಬಲ ಮಂಡಿಯನ್ನೂ ಬದಲಾಯಿಸಬೇಕು. ಎರಡನ್ನೂ ಒಂದೇ ಬಾರಿಗೆ ಮಾಡಿಸಿದರೆ ಒಂದೇ ಸುತ್ತಿನ ಫ್ಯಾಕ್ಟರ್ ಸಾಕು, ಹಾಗಾಗಿ ಅವನಿಗೆ ಅದೇ ಮೇಲೆನಿಸಿದೆ. ಬೆಸೆದ ಪಾದವನ್ನು ಕೆಲವು ವಾರ ಊರುವಂತಿಲ್ಲ, ಹೊಸ ಮಂಡಿಯನ್ನಾದರೋ ಮೊದಲ ದಿನಗಳಿಂದಲೇ ಊರಿ ನಡೆಸಬೇಕು, ಆದ್ದರಿಂದ ಬೇರೆ ಬೇರೆಯಾಗಿ ಮಾಡಿಸುವುದು ವಾಸಿ ಎಂಬುದು ಮೂಳೆ ತಜ್ಞರ ವಾದ. ರಕ್ತದ ಕಾಯಿಲೆಗಳನ್ನು ನೋಡುವ ಹೆಮಟಾಲಜಿ ವೈದ್ಯರು ಯೂನಿಟ್‌ಗಳ ಎರಡೂ ಬಗೆಯ ಲೆಕ್ಕವನ್ನು ಬರೆದುಕೊಟ್ಟಿದ್ದಾರೆ. ನಿರ್ಧಾರಕ್ಕೆ ಮೊದಲು ಫಿಸಿಯೋಥೆರಪಿಯವರ ಮಾತನ್ನು ಕೇಳಬೇಕೆಂದು ನಾನೂ ತಮ್ಮನೂ ಒಪ್ಪಿದ್ದೇವೆ, ಏಕೆಂದರೆ ಆಮೇಲಿನ ತಿಂಗಳುಗಳನ್ನು ಅವನು ಕಳೆಯಬೇಕಾಗಿರುವುದು ಅವರ ಜೊತೆಯಲ್ಲಿ.